ಗೊತ್ತಿರಲಿಲ್ಲ ಅಂದ್ರೆ ಸಾಕಾ?

ನರ್ಸ್‌ಗಳ ರಿಜಿಸ್ಟ್ರೇಷನ್ 5 ವರ್ಷಕ್ಕೊಮ್ಮೆ ರಿನೀವಲ್‌ಗೆ ಬರುತ್ತೆ ಅನ್ನೋದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಆ 5 ವರ್ಷದೊಳಗೆ ನಾವು 150 ಗಂಟೆ ಪಾಠ ಕೇಳಿರಬೇಕು. ಇದಕ್ಕೆ ಸಿಎನ್‌ಇ ಅಂತಾರೆ, ಕಂಟಿನ್ಯೂಯಿಂಗ್ ನರ್ಸಿಂಗ್ ಎಜುಕೇಷನ್. ನಿಮ್ಮ ಆಫೀಸಲ್ಲಿ ವರ್ಷಕ್ಕೊಮ್ಮೆ ಕಂಪ್ಲಯನ್ಸ್ ಟ್ರೈನಿಂಗ್ ಅಂತ ಬರುತ್ತಲ್ಲ, ಒಂದು ಟ್ಯಾಬಲ್ಲಿ ವಿಡಿಯೋ ಓಡ್ತಿರುತ್ತೆ, ನೀವು ಇನ್ನೊಂದು ಟ್ಯಾಬಲ್ಲಿ ಮೇಲ್ ನೋಡ್ತಿರ್ತೀರಿ, ಕೊನೆಗೆ ಹತ್ತು ಪ್ರಶ್ನೆಗೆ ಅಂದಾಜಿನ ಮೇಲೆ ಟಿಕ್ ಹಾಕಿ ಸರ್ಟಿಫಿಕೇಟ್ ಇಳಿಸಿಕೊಳ್ತೀರಿ. ಹೆಚ್ಚುಕಮ್ಮಿ ಅದೇ. ನಮ್ಮದರಲ್ಲಿ ಮಧ್ಯಾಹ್ನ ಊಟ ಕೊಡ್ತಾರೆ, ಅಷ್ಟೇ ವ್ಯತ್ಯಾಸ.

ಅಂಥ ಸರ್ಟಿಫಿಕೇಟುಗಳ ಒಂದು ಫೈಲ್ ನನ್ನ ಹತ್ರ ಇದೆ. ಹದಿನಾಲ್ಕು ವರ್ಷದ್ದು. ತುಂಬಿ ತುಂಬಿ ಅದರ ರಿಂಗು ಬಾಯಿ ಬಿಟ್ಟಿದೆ. ಇಂಟರ್‌ವ್ಯೂ, ರಿನೀವಲ್ ಇದ್ದಾಗ ಬಿಟ್ಟರೆ ಅದನ್ನ ತೆಗೆಯೋದಿಲ್ಲ. ಕಳೆದ ವರ್ಷ ಒಂದು ಭಾನುವಾರ ಸಂಜೆ ಮಾತ್ರ ಬೇರೆ ಕಾರಣಕ್ಕೆ ತೆಗೆದೆ.

ಅವತ್ತು ನನ್ನ ವೀಕ್ಲಿ ಆಫ್. ಸಿಎನ್‌ಇ ಯಾವಾಗ್ಲೂ ನಮ್ಮ ಆಫ್ ದಿನಾನೇ ಹುಡುಕಿಕೊಂಡು ಬರುತ್ತೆ. ವಿಷಯ ಬೆಡ್‌ಸೋರ್, ಅಂದ್ರೆ ಮಲಗಿದಲ್ಲೇ ಇರುವ ರೋಗಿಗೆ ಆಗುವ ಹುಣ್ಣು. ಹದಿನಾಲ್ಕು ವರ್ಷ ಅದನ್ನೇ ತೊಳೆದು ಡ್ರೆಸ್ಸಿಂಗ್ ಮಾಡಿದವಳಿಗೆ ಇನ್ನೇನು ಹೇಳ್ತಾರೆ ಅಂತ ಹಿಂದಿನ ಸಾಲಲ್ಲಿ, ಚಾರ್ಜರ್ ಪಾಯಿಂಟ್ ಇರೋ ಕಡೆ ಕೂತಿದ್ದೆ. ಪಾಠ ಮಾಡ್ತಿದ್ದ ಹುಡುಗಿ ನನಗಿಂತ ಚಿಕ್ಕವಳು. ಹನ್ನೊಂದು ಗಂಟೆ ಸುಮಾರಿಗೆ ಅವಳು ಒಂದು ಫೋಟೋ ಹಾಕಿದಳು. ರೋಗಿಯ ಹಿಮ್ಮಡಿ ಕೆಳಗೆ ನೀರು ತುಂಬಿ ಗಂಟು ಹಾಕಿದ ಎರಡು ಗ್ಲೌಸ್. ಅದರ ಮೇಲೆ ಕೆಂಪು ಇಂಟು ಮಾರ್ಕು. ನಾನು ಫೋನ್ ಕೆಳಗಿಟ್ಟೆ.

ನೀರಿನ ಗ್ಲೌಸ್ ಅಂದ್ರೆ ಏನು ಅಂತ ಹೇಳಬೇಕು. ಒಬ್ಬರು ಅಲ್ಲಾಡದೆ ಮಲಗಿದ್ರೆ ದೇಹದ ಭಾರ ಕೆಲವೇ ಜಾಗಗಳ ಮೇಲೆ ಬೀಳುತ್ತೆ. ಸೊಂಟದ ಹಿಂಭಾಗ, ಪಿರ್ರೆ, ಭುಜ, ಹಿಮ್ಮಡಿ. ಒತ್ತಡದಲ್ಲಿ ಅಲ್ಲಿಗೆ ರಕ್ತ ಹೋಗೋದು ನಿಂತು, ಚರ್ಮ ಮೊದಲು ಕೆಂಪಾಗುತ್ತೆ, ಆಮೇಲೆ ಒಳಗಿಂದ ಸಾಯುತ್ತೆ. ಗಾಳಿ ತುಂಬುವ ಏರ್ ಬೆಡ್ ಎಲ್ಲರಿಗೂ ಸಿಗಲ್ಲ. ಅದಕ್ಕೇ ಗ್ಲೌಸಿಗೆ ನಲ್ಲಿ ನೀರು ತುಂಬಿ, ಗಂಟು ಕಟ್ಟಿ, ಹಿಮ್ಮಡಿ ಕೆಳಗಿಡೋದು. ಮೆತ್ತಗಿರುತ್ತೆ, ತಣ್ಣಗಿರುತ್ತೆ, ಖರ್ಚಿಲ್ಲ. ನನಗೆ ಇದನ್ನ ಹೇಳಿಕೊಟ್ಟಿದ್ದು ನನ್ನ ಮೊದಲ ಕೆಲಸದಲ್ಲಿದ್ದ ಒಬ್ಬ ಮಲಯಾಳಿ ಸಿಸ್ಟರ್. ನಲವತ್ತು ಹಾಸಿಗೆ ವಾರ್ಡಿಗೆ ಎರಡು ಏರ್ ಬೆಡ್ ಇದ್ದ ಜಾಗದಲ್ಲಿ ಅವರಿಗೆ ತೋಚಿದ ಉಪಾಯ ಅದು. ರಾತ್ರಿ ಎರಡು ಗಂಟೆಗೆ ಸಿಂಕಿನ ಮುಂದೆ ನಿಂತು, ಎಷ್ಟು ನೀರು ತುಂಬಿದರೆ ಸರಿ ಅಂತ ಅವರು ನನ್ನ ಕೈಯಲ್ಲೇ ಒತ್ತಿಸಿ ತೋರಿಸಿದ್ದು ನೆನಪಿದೆ. ಎರಡು ಸೆಮಿಸ್ಟರಿನ ಪಾಠಕ್ಕಿಂತ ಚೆನ್ನಾಗಿ ನೆನಪಿದೆ.

ಹುಡುಗಿ ಹೇಳಿದ್ದು ಸರಳವಾಗಿತ್ತು. ಹಿಮ್ಮಡಿಯ ಹಿಂಭಾಗದಲ್ಲಿ ಚರ್ಮದ ಕೆಳಗೇ ಮೂಳೆ. ಗ್ಲೌಸ್ ಇಟ್ಟರೂ ಭಾರ ಆ ಮೂಳೆಯ ಮೇಲೇ ನಿಂತಿರುತ್ತೆ. ಗ್ಲೌಸ್ ಚಿಕ್ಕದು, ಭಾರವನ್ನ ಹಂಚಲ್ಲ. ಮೇಲಾಗಿ ರಬ್ಬರಿಗೆ ಬೆವರು ಕೂರುತ್ತೆ. ಮಾಡಬೇಕಾದ್ದು ಏನಂದ್ರೆ ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬು ಕೊಟ್ಟು, ಮಂಡಿ ಸ್ವಲ್ಪ ಮಡಿಸಿ, ಹಿಮ್ಮಡಿ ಯಾವುದಕ್ಕೂ ತಾಗದ ಹಾಗೆ ಗಾಳಿಯಲ್ಲಿ ಬಿಡೋದು. ಒಂದು ಕಾಗದ ಹಿಮ್ಮಡಿ ಕೆಳಗೆ ತೂರಿಸಿದರೆ ಸಲೀಸಾಗಿ ಆಚೆ ಬರಬೇಕು. ಕೆಂಪಾದ ಜಾಗಕ್ಕೆ ಸ್ಪಿರಿಟು, ಪೌಡರು ಹಾಕಿ ತಿಕ್ಕೋದೂ ತಪ್ಪು, ಮೊದಲೇ ಸೋತಿರೋ ರಕ್ತನಾಳಗಳಿಗೆ ಇನ್ನಷ್ಟು ಏಟು. ಕೆಂಪಾದಲ್ಲಿ ಬೆರಳಿಂದ ಒತ್ತಿ ಬಿಡಿ, ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಟೈಮಿದೆ, ಒತ್ತಿದರೂ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಲೆಕ್ಕ.

ಮುಂದಿನ ಸಾಲಲ್ಲಿದ್ದ ಒಬ್ಬ ಸೀನಿಯರ್ ಸಿಸ್ಟರ್ ಎದ್ದು ನಿಂತರು. "ಮೂವತ್ತು ವರ್ಷದಿಂದ ಮಾಡ್ತಿದೀವಮ್ಮ, ಏನೂ ಆಗಿಲ್ಲ." ಸಭೆಯಲ್ಲಿ ಸಣ್ಣ ನಗು. ನಾನು ನಗಲಿಲ್ಲ. ಅವರ ದನಿ ನನಗೆ ಗೊತ್ತಿತ್ತು. ಹೊಸದನ್ನ ಒಪ್ಪದ ಹಟ ಅಂತ ಎಲ್ಲರಿಗೂ ಅನ್ನಿಸಿರಬಹುದು, ನನಗೆ ಅದು ಭಯ ಅನ್ನಿಸಿತು. ಈ ಹುಡುಗಿ ಹೇಳೋದು ನಿಜ ಆದ್ರೆ ಮೂವತ್ತು ವರ್ಷದ ಹಾಸಿಗೆಗಳ ಹತ್ರ ಒಂದೊಂದಾಗಿ ವಾಪಸ್ ಹೋಗಿ ನಿಲ್ಲಬೇಕಾಗುತ್ತೆ. ಅದಕ್ಕಿಂತ ಹುಡುಗಿಗೆ ಅನುಭವ ಸಾಲದು ಅಂತ ಅಂದ್ಕೊಂಡು ಕೂರೋದು ಸುಲಭ. ನಾನು ವಾಪಸ್ ಹೋಗಬೇಕಾಗಿದ್ದು ಒಂದೇ ಹಾಸಿಗೆಗೆ. ಅದು ಆಸ್ಪತ್ರೆಯದಲ್ಲ.

2017ರಲ್ಲಿ ನಮ್ಮ ಅಜ್ಜಿಗೆ, ಅಂದ್ರೆ ಅಪ್ಪನ ಅಮ್ಮನಿಗೆ, ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋಯಿತು, ಮಾತೂ ಹೋಯಿತು. ನಮ್ಮೂರು ಅರಸೀಕೆರೆ ಹತ್ರ. ಇಪ್ಪತ್ತು ದಿನ ರಜೆ ಹಾಕಿ ಹೋದೆ. ಮನೆಯ ನಡುಮನೆಯನ್ನ ವಾರ್ಡ್ ಮಾಡಿದೆ ಅಂತಲೇ ಹೇಳಬೇಕು. ಗೋಡೆಗೆ ಚಾರ್ಟ್ ಅಂಟಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಅಮ್ಮನಿಗೂ ಎಲ್ಲ ಕಲಿಸಿದೆ. ಗ್ಲೌಸೂ ಕಲಿಸಿದೆ. ನೋಡೋಕೆ ಬಂದ ನೆಂಟರೆಲ್ಲ "ಮನೇಲೇ ನರ್ಸ್ ಇದ್ರೆ ಹೀಗೆ" ಅಂದರು. ನನಗೆ ಹೆಮ್ಮೆ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಅಜ್ಜಿ ಮಾತ್ರ ಎಡಗಾಲಿಂದ ಆ ಗ್ಲೌಸನ್ನ ಮತ್ತೆ ಮತ್ತೆ ತಳ್ಳಿಬಿಡ್ತಿದ್ರು. ಮಾತಿಲ್ಲ, ಕಣ್ಣಲ್ಲಿ ಸಿಟ್ಟು. ಲಕ್ವ ಆದವರು ಹೀಗೇ ಚಡಪಡಿಸ್ತಾರೆ ಅಂತ ನಾನು ಅಮ್ಮನಿಗೆ ಸಮಾಧಾನ ಹೇಳಿದೆ. ಆಮೇಲೆ ಗಾಜ್ ಬ್ಯಾಂಡೇಜಿಂದ ಗ್ಲೌಸನ್ನ ಬಲಗಾಲಿಗೆ ಕಟ್ಟಿಬಿಟ್ಟೆ. ಜಾರದ ಹಾಗೆ.

ನಾನು ಬೆಂಗಳೂರಿಗೆ ವಾಪಸ್ ಬಂದ ಆರನೇ ವಾರ ಬಲ ಹಿಮ್ಮಡಿ ಕಪ್ಪಾಗಿದೆ ಅಂತ ಅಮ್ಮ ಫೋನ್ ಮಾಡಿದಳು. ನಾಲ್ಕು ತಿಂಗಳಾಗುವಷ್ಟರಲ್ಲಿ ಅಜ್ಜಿ ಹೋದರು. ಹುಣ್ಣಿಂದ ಅಲ್ಲ, ನ್ಯುಮೋನಿಯಾ. ಆದರೆ ಕೊನೆಯ ಎರಡು ತಿಂಗಳು ಆ ಹುಣ್ಣಿನ ನೋವು ಅವರ ಜೊತೆಗೇ ಇತ್ತು. ಗ್ಲೌಸಿಂದಲೇ ಆಯ್ತು ಅಂತ ಪ್ರಮಾಣ ಮಾಡೋಕೆ ಆಗಲ್ಲ. ಎಂಬತ್ತು ದಾಟಿದ, ಅರ್ಧ ದೇಹ ಬಿದ್ದುಹೋದ ಜೀವಕ್ಕೆ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಹುಣ್ಣಾಗಬಹುದು. ಈ ಮಾತನ್ನ ನಾನು ನೂರಾರು ಮನೆಯವರಿಗೆ ಹೇಳಿದ್ದೀನಿ. ಆ ಭಾನುವಾರ ನನಗೆ ನಾನೇ ಹೇಳಿಕೊಂಡೆ, ಯಾಕೋ ಕೆಲಸ ಮಾಡಲಿಲ್ಲ.

ಮನೆಗೆ ಬಂದವಳೇ ಮಾರ್ಗಸೂಚಿ ಹುಡುಕಿದೆ. ಅಮೆರಿಕ, ಯುರೋಪು, ಪೆಸಿಫಿಕ್ ಕಡೆಯ ಮೂರು ಸಂಸ್ಥೆಗಳು ಸೇರಿ 2014ರಲ್ಲಿ ಮಾಡಿದ್ದು. ಹಿಮ್ಮಡಿ ಎತ್ತೋಕೆ ಏನೇನು ಬಳಸಬಾರದು ಅನ್ನೋ ಸಾಲಲ್ಲಿ ನೀರು ತುಂಬಿದ ಗ್ಲೌಸು ಹೆಸರು ಸಮೇತ ಇದೆ. 2014. ಅಜ್ಜಿ ಮಲಗಿದ್ದು 2017. ಸರಿ, ಅದು ನನಗೆ ತಲುಪಿರಲಿಲ್ಲ ಅಂತ ಅಂದ್ಕೊಂಡೆ. ಆಮೇಲೆ ಏನೋ ಅನುಮಾನ ಬಂದು ಫೈಲ್ ತೆಗೆದೆ.

ಇತ್ತು. 2016ರದ್ದು. ಬೆಡ್‌ಸೋರ್ ತಡೆಯುವ ಬಗ್ಗೆ ಅರ್ಧ ದಿನದ ಸಿಎನ್‌ಇ, ನನ್ನ ಹೆಸರು, ಕೆಳಗೆ ಎರಡು ಸಹಿ, ಬಂಗಾರದ ಬಣ್ಣದ ಅಂಚು. ಆ ದಿನದ್ದು ನನಗೆ ನೆನಪಿರೋದು ಇಷ್ಟು: ನೈಟ್ ಡ್ಯೂಟಿ ಮುಗಿಸಿ ಸೀದಾ ಹೋಗಿದ್ದೆ, ಹಾಜರಿ ಹಾಕಿದೆ, ಎಸಿ ಜೋರಾಗಿತ್ತು, ಎಚ್ಚರ ಆದಾಗ ವಾಂಗಿಬಾತ್ ಬಡಿಸ್ತಿದ್ರು. ಅವತ್ತು ಗ್ಲೌಸಿನ ಮಾತು ಬಂದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದೇ ಸಮಸ್ಯೆ.

"ನನಗೆ ಗೊತ್ತಿರಲಿಲ್ಲ" ಅಂತ ನಾವೆಲ್ಲ ಎಷ್ಟು ಸಲೀಸಾಗಿ ಹೇಳ್ತೀವಿ. ಆದ್ರೆ ಆ ಒಂದೇ ಮಾತಿನ ಒಳಗೆ ಬೇರೆ ಬೇರೆ ಸಂಗತಿಗಳಿವೆ. ಪ್ರಪಂಚದಲ್ಲಿ ಯಾರಿಗೂ ಗೊತ್ತಿರಲಿಲ್ಲ ಅನ್ನೋದು ಒಂದು; ಅದಕ್ಕೆ ಯಾರನ್ನೂ ಬೈಯೋಕಾಗಲ್ಲ. ಎಲ್ಲೋ ಗೊತ್ತಿತ್ತು, ನಲವತ್ತು ಹಾಸಿಗೆಗೆ ಎರಡು ಏರ್ ಬೆಡ್ ಇರೋ ವಾರ್ಡಿಗೆ ಬರಲಿಲ್ಲ ಅನ್ನೋದು ಇನ್ನೊಂದು. ಆ ಮಲಯಾಳಿ ಸಿಸ್ಟರ್ ಮೇಲೆ ನನಗೆ ಇವತ್ತಿಗೂ ಒಂದು ಚೂರೂ ಬೇಸರ ಇಲ್ಲ. ನನ್ನದು ಇವೆರಡೂ ಅಲ್ಲ. ಹೇಳ್ತಿದ್ದ ಕೋಣೆಯಲ್ಲೇ ಇದ್ದು ನಿದ್ದೆ ಮಾಡಿದವಳು ನಾನು. ಹನ್ನೆರಡು ಗಂಟೆ ನೈಟ್ ಮಾಡಿದವಳನ್ನ ಪಾಠಕ್ಕೆ ಕೂರಿಸಿದ್ದು ಯಾರ ತಪ್ಪು ಅಂತಲೂ ಕೇಳಬಹುದು, ಕೇಳಲೇಬೇಕು. ಆದ್ರೆ ಅದಾದ ಮೇಲೆ ಒಂದು ದಿನವೂ ಆ ಹ್ಯಾಂಡ್‌ಔಟ್ ತೆಗೆದು ನೋಡಲಿಲ್ಲವಲ್ಲ, ಅದು ನನ್ನದೇ.

ಜೊತೆಯವಳಿಗೆ ಹೇಳಿದಾಗ ಅವಳಂದಿದ್ದು "ಬಿಡೇ, ನಿನ್ನ ಮನಸ್ಸಲ್ಲಿ ಒಳ್ಳೇದೇ ಇತ್ತಲ್ಲ" ಅಂತ. ನಿಜ. ಆದ್ರೆ ಅಜ್ಜಿ ಗ್ಲೌಸ್ ತಳ್ಳಿದಾಗ ನಾನು ಅವರ ಕಾಲು ನೋಡಲಿಲ್ಲ, ನನ್ನ ಒಳ್ಳೇ ಮನಸ್ಸನ್ನೇ ನೋಡ್ಕೊಂಡೆ. ನಾನು ಇಷ್ಟು ಪ್ರೀತಿಯಿಂದ ಮಾಡ್ತಿದೀನಿ, ಇವರು ಹೀಗೆ ಮಾಡ್ತಾರಲ್ಲ ಅಂತ. ಬರೀ ಪಾಠದ ಕೊರತೆ ಆಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಆ ಮನೆಯಲ್ಲಿ ಹಿಮ್ಮಡಿ ಬಗ್ಗೆ ಸರಿಯಾಗಿ ಗೊತ್ತಿದ್ದದ್ದು ಒಬ್ಬರಿಗೇ, ಅವರಿಗೆ ಮಾತು ಬರ್ತಿರಲಿಲ್ಲ.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಫ್ಲಾರೆನ್ಸ್ ನೈಟಿಂಗೇಲ್. ನಗಬೇಡಿ. ಪ್ರತಿ ನರ್ಸೂ ಕಾಲೇಜಲ್ಲಿ ಬಿಳಿ ಯೂನಿಫಾರಂ ಹಾಕ್ಕೊಂಡು ಮೇಣದ ಬತ್ತಿ ಹಿಡಿದು ಅವಳ ಹೆಸರಲ್ಲಿ ಪ್ರತಿಜ್ಞೆ ತಗೊಂಡಿರ್ತಾಳೆ, ಫೋಟೋ ಊರ ಮನೆಯ ಗೋಡೆ ಮೇಲಿರುತ್ತೆ. ಆದ್ರೆ ದೀಪದ ಕಥೆ ಅರ್ಧ ಮಾತ್ರ. 1854ರ ನವೆಂಬರಲ್ಲಿ ಅವಳು ಕ್ರೈಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಯ ಆಸ್ಪತ್ರೆಗೆ ಹೋದಳು. ಅವಳು ಹೋದ ಮೇಲಿನ ಚಳಿಗಾಲದಲ್ಲೇ ಅಲ್ಲಿ ಸಾವು ವಿಪರೀತ ಏರಿತು. 1855ರ ಮಾರ್ಚಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ಸ್ಯಾನಿಟರಿ ಕಮಿಷನ್ ಬಂದು ಮೋರಿಗಳನ್ನ ಶುಚಿ ಮಾಡಿಸಿ, ಗಾಳಿ ಆಡುವಂತೆ ಮಾಡಿಸಿದ ಮೇಲೆ ಇಳಿಯಿತು. 1856ರಲ್ಲಿ ಲಂಡನ್ನಿಗೆ ಮರಳಿದ ಮೇಲೆ ಅವಳು ವಿಲಿಯಂ ಫಾರ್ ಅನ್ನೋ ಸಂಖ್ಯಾಶಾಸ್ತ್ರಜ್ಞನ ಜೊತೆ ಕೂತು ಸತ್ತವರ ಲೆಕ್ಕ ತೆಗೆದಳು. ಗಾಯದಿಂದ ಸತ್ತವರು ಕಮ್ಮಿ. ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚು. ತನ್ನ ಆಸ್ಪತ್ರೆಯೇ ಜನರನ್ನ ಕೊಂದಿತ್ತು ಅನ್ನೋದು ಆಗ ಅವಳಿಗೆ ತಿಳಿಯಿತು, ಆ ಪಾಪಪ್ರಜ್ಞೆಯೇ ಅವಳನ್ನ ಕುಗ್ಗಿಸಿತು ಅಂತ ಹ್ಯೂ ಸ್ಮಾಲ್ ಅನ್ನೋ ಜೀವನಚರಿತ್ರೆಕಾರ ವಾದಿಸ್ತಾರೆ. ಎಲ್ಲ ಇತಿಹಾಸಕಾರರೂ ಇದನ್ನ ಒಪ್ಪಲ್ಲ. ಪಾಪಪ್ರಜ್ಞೆ ಇತ್ತೋ ಇಲ್ಲವೋ, 1858ರಲ್ಲಿ ಅವಳು ಆ ಸಾವುಗಳನ್ನ ಚಿತ್ರ ಮಾಡಿ ಅಚ್ಚು ಹಾಕಿಸಿದಳಲ್ಲ, ಆ ಲೆಕ್ಕದಲ್ಲಿ ಅವಳದೇ ಆಸ್ಪತ್ರೆಯ ಚಳಿಗಾಲವೂ ಸೇರಿತ್ತು. ಮೂವತ್ತೇಳು ಮೂವತ್ತೆಂಟು ವಯಸ್ಸು ಆಗ ಅವಳಿಗೆ. ನನಗಿಂತ ತುಸು ದೊಡ್ಡವಳು. ನಮ್ಮ ಕೈಗೆ ದೀಪ ಕೊಟ್ಟವರು ಆ ಲೆಕ್ಕದ ಪುಸ್ತಕವನ್ನ ಯಾಕೆ ಕೊಡಲಿಲ್ಲ ಅಂತ ಅನ್ನಿಸುತ್ತೆ.

ಆಸ್ಪತ್ರೆಯಲ್ಲಿ ತಿದ್ದಿಕೊಳ್ಳೋದು ನಾನು ಅಂದ್ಕೊಂಡಷ್ಟು ಕಷ್ಟ ಆಗಲಿಲ್ಲ. ಮಾರನೇ ದಿನ ಹ್ಯಾಂಡೋವರ್ ಹೊತ್ತಲ್ಲಿ ಜೂನಿಯರ್ ಹುಡುಗಿಯರಿಗೆ ಹೇಳಿದೆ, ಇನ್ಮೇಲೆ ಗ್ಲೌಸ್ ಬೇಡ ಅಂತ. ಒಬ್ಬಳು "ನೀವೇ ತಾನೆ ಹೇಳ್ಕೊಟ್ಟಿದ್ದು ಸಿಸ್ಟರ್" ಅಂದಳು. ಹೌದು ಅಂದೆ. ಮುಗೀತು. ಅವರಿಗೆ ಅದು ದೊಡ್ಡ ವಿಷಯವೇ ಆಗಲಿಲ್ಲ. ಈ ವೃತ್ತಿಯಲ್ಲಿ ಇಂಥವು ಬರ್ತಾನೇ ಇರ್ತವೆ. ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿದ ಮೇಲೆ ಸಿರಿಂಜಲ್ಲಿ ಗಾಳಿ ಬಿಟ್ಟು, ಹೊಟ್ಟೆ ಮೇಲೆ ಸ್ಟೆತ್ ಇಟ್ಟು ಸದ್ದು ಕೇಳಿದರೆ ಟ್ಯೂಬ್ ಹೊಟ್ಟೆಯಲ್ಲಿದೆ ಅಂತ ನಾವೆಲ್ಲ ಕಲಿತದ್ದು. ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಆ ಸದ್ದು ಕೇಳಬಹುದು, ಹಾಗಾಗಿ ಅದನ್ನ ನಂಬಬೇಡಿ ಅಂತ ಬ್ರಿಟನ್ನಲ್ಲಿ 2005ರಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. ಈಗಲೂ ಸ್ಟೆತ್ ಇಡುವ ಕೈಗಳನ್ನ ನಾನು ನೋಡ್ತೀನಿ.

ಅಮ್ಮನಿಗೆ ಹೇಳೋದೇ ಕಷ್ಟ ಆಗಿದ್ದು. ಹೇಳಿ ಏನು ಪ್ರಯೋಜನ ಅಂತ ತಿಂಗಳುಗಟ್ಟಲೆ ವಾದ ಮಾಡಿಕೊಂಡೆ. ಅತ್ತೆಯನ್ನ ಕೊನೇವರೆಗೂ ಚೆನ್ನಾಗಿ ನೋಡ್ಕೊಂಡೆ ಅನ್ನೋದು ಅಮ್ಮನ ಬದುಕಿನ ದೊಡ್ಡ ಸಮಾಧಾನ. ನಾನು ಹೋಗಿ ಹೇಳಿದರೆ ನನ್ನ ಎದೆ ಹಗುರಾಗುತ್ತೆ, ಅವಳದು ಭಾರ ಆಗುತ್ತೆ. ತಪ್ಪೊಪ್ಪಿಗೆ ಅನ್ನೋದು ಎಷ್ಟೋ ಸಲ ನಮ್ಮ ಹೊರೆಯನ್ನ ಇನ್ನೊಬ್ಬರ ತಲೆಗೆ ದಾಟಿಸೋ ಉಪಾಯ. ಅಜ್ಜಿಯಂತೂ ಇಲ್ಲ. ಸುಮ್ಮನಿರೋದೇ ಮರ್ಯಾದೆ ಅಂತ ತೀರ್ಮಾನ ಮಾಡಿದ್ದೆ, ಆ ತೀರ್ಮಾನ ನನಗೆ ಹಿತವಾಗಿಯೂ ಇತ್ತು. ಹಿತವಾಗಿದ್ದಕ್ಕೇ ಅನುಮಾನ ಪಡಬೇಕಿತ್ತು.

ಈ ಯುಗಾದಿ ಆದಮೇಲೆ ಒಂದು ದಿನ ಫೋನಲ್ಲಿ ಅಮ್ಮ ಹೇಳಿದಳು, "ಎದುರು ಮನೆ ತಾತ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡವರೆ ಕಣೇ. ಮಲಗಿದಲ್ಲೇ. ನೀನು ಹೇಳ್ಕೊಟ್ಟಿದ್ಯಲ್ಲ, ಗ್ಲೌಸಿಗೆ ನೀರು ತುಂಬೋದು, ಅವರ ಸೊಸೆಗೆ ನಾನೇ ಹೋಗಿ ತೋರಿಸಿಕೊಟ್ಟೆ."

ಫೋನಲ್ಲೇ ಹೇಳಬಹುದಿತ್ತು. ದಿಂಬು ಕೊಡೋಕೆ ಹೇಳು, ಗ್ಲೌಸ್ ತೆಗಿಯೋಕೆ ಹೇಳು ಅಂತ ಅಷ್ಟನ್ನ ಹೇಳಿದೆ ಕೂಡ. "ಯಾಕೆ? ಅಜ್ಜಿಗೆ ಮಾಡಿದ್ವಲ್ಲ" ಅಂದಳು. ಬಂದು ಹೇಳ್ತೀನಿ ಅಂದೆ. ಎರಡು ದಿನ ರಜೆ ಕೇಳಿ ಬೆಳಗಿನ ರೈಲು ಹಿಡಿದೆ. ತಿಪಟೂರು ದಾಟುವವರೆಗೂ ಮಾತು ಜೋಡಿಸ್ತಾನೇ ಇದ್ದೆ.

ಅಮ್ಮ ಜಗಲಿ ಮೇಲೆ ಅವರೆಕಾಳು ಆರಿಸ್ತಾ ಕೂತಿದ್ದಳು. ಜೋಡಿಸಿದ ಮಾತು ಯಾವುದೂ ಬರಲಿಲ್ಲ. ಗ್ಲೌಸಿನ ವಿಷಯ ಹೇಳಿದೆ, ಫೈಲಿನ ವಿಷಯ ಹೇಳಿದೆ, ಅಜ್ಜಿ ತಳ್ಳಿದ್ದು, ನಾನು ಕಟ್ಟಿದ್ದು ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ನೀನು ಕಟ್ಟಿದ್ದು ಹತ್ತು ದಿನ. ಆಮೇಲೆ ದಿನಾ ಕಟ್ಟಿದ್ದು ನಾನಲ್ವಾ" ಅಂದಳು.

ನಾನು ಹೆದರಿದ್ದು ಇದಕ್ಕೇ. ಏನೂ ಹೇಳೋಕಾಗದೆ ಕೂತೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಶುರು ಮಾಡಿದಳು. ಅಮ್ಮ ಅಂಗನವಾಡಿ ಕಾರ್ಯಕರ್ತೆ ಆಗಿದ್ದವಳು, ಈಗ ರಿಟೈರ್ಡ್. "ನಿಮ್ಮಣ್ಣ ಹುಟ್ಟಿದಾಗ ಮೂರು ದಿನ ಮೊದಲ ಹಾಲು ಹಿಂಡಿ ಚೆಲ್ಲಿದ್ದೆ. ಅದು ಹಳದಿ ಇರುತ್ತೆ, ಮಗೀಗೆ ಆಗಲ್ಲ ಅಂತ ನಿಮ್ಮಜ್ಜೀನೇ ಹೇಳಿದ್ದು. ಸಕ್ಕರೆ ನೀರು ಕುಡಿಸಿದ್ವಿ. ಆಮೇಲೆ ಕೆಲಸಕ್ಕೆ ಸೇರಿದಾಗ ತರಬೇತೀಲಿ ಹೇಳಿದ್ರು, ಆ ಹಾಲೇ ಮಗೀಗೆ ಮೊದಲನೇ ಲಸಿಕೆ ಇದ್ದಂಗೆ ಅಂತ. ಕೂತಲ್ಲೇ ಬೆವತುಹೋದೆ. ಅವನಿಗೆ ವರ್ಷ ತುಂಬೋ ತನಕ ಭೇದಿ ತಪ್ಪಿರಲಿಲ್ಲ, ಅದು ಕಣ್ಮುಂದೆ ಬಂತು."

"ಅಜ್ಜಿಗೆ ಹೇಳಿದ್ಯಾ?"

"ಇಲ್ಲ. ಅವರಿಗೆ ಅವರತ್ತೆ ಹೇಳಿದ್ದು ತಾನೆ. ನೀನು ಹುಟ್ಟಿದಾಗ ಬಾಗಿಲು ಹಾಕ್ಕೊಂಡು ಕುಡಿಸಿದೆ, ಅಷ್ಟೇ." ಕಾಳಿಗೆ ಮತ್ತೆ ಕೈ ಹಾಕಿದಳು. "ಆದ್ರೆ ಊರಲ್ಲಿ ಬಾಣಂತಿ ಮನೆ ಒಂದೂ ಬಿಡ್ಲಿಲ್ಲ. ಎಷ್ಟು ಮುದುಕಿಯರ ಕೈಲಿ ಬೈಸ್ಕೊಂಡೆ ಗೊತ್ತಾ. ನೀನು ಚೆಲ್ಲಿಲ್ವಾ, ನಿನ್ನ ಮಗ ಗುಂಡುಕಲ್ಲಿನಂಗೆ ಇಲ್ವಾ ಅನ್ನೋರು. ಚೆಲ್ಲಿದೆ, ಅದಕ್ಕೇ ಹೇಳ್ತಿದೀನಿ ಅನ್ನುತ್ತಿದ್ದೆ."

ಮೂವತ್ತೈದು ವರ್ಷದಲ್ಲಿ ಇದನ್ನ ನನಗೆ ಯಾವತ್ತೂ ಹೇಳಿರಲಿಲ್ಲ. ಅಜ್ಜಿ ಬಗ್ಗೆ ಅವಳಿಗೆ ಏನನ್ನಿಸಿತು ಅಂತ ಕೇಳಬೇಕು ಅಂತಿದ್ದೆ, ಕೇಳಲಿಲ್ಲ. ಅವತ್ತು ರಾತ್ರಿ ಅವಳು ಊಟ ಸರಿಯಾಗಿ ಮಾಡಲಿಲ್ಲ ಅನ್ನೋದನ್ನೂ ಬರೀಬೇಕು. ಅದಕ್ಕೂ ಮೊದಲು, ಕಾಳಿನ ಮೊರ ಒಳಗಿಟ್ಟು, ನಡುಮನೆಯಿಂದ ಎರಡು ದಿಂಬು ತಂದು ನನ್ನ ಕೈಗೆ ಕೊಟ್ಟು "ನಡಿ" ಅಂದಳು.

ಎದುರು ಮನೆ ಸೊಸೆ ಬಾಗಿಲಲ್ಲೇ ಗಲಿಬಿಲಿಯಾದಳು. "ಫೋನಲ್ಲಿ ನಿಮ್ಮ ಮಗಳು ಬೇಡ ಅಂದ್ರು ಅಂತ ಹೇಳಿದ್ರಿ, ಆದ್ರೂ ಇಟ್ಟಿದೀನಿ ಅಕ್ಕ. ನೀವೇ ಹೇಳ್ಕೊಟ್ಟಿದ್ದು ಅಲ್ವಾ?"

"ಹ್ಞೂಂ, ನಾನೇ ಹೇಳಿದ್ದು. ತಪ್ಪು ಹೇಳಿದ್ದೆ" ಅಂದಳು ಅಮ್ಮ. "ಹೊದಿಕೆ ತೆಗಿ."

ತಾತ ಎಚ್ಚರವಾಗೇ ಇದ್ದರು. ಗ್ಲೌಸ್ ತೆಗೆದೆ. ಮೊದಲು ಅವರನ್ನೇ ಕೇಳಿದೆ, ಇದು ಇದ್ದಾಗ ಹೇಗನ್ನಿಸ್ತಿತ್ತು ತಾತ ಅಂತ. "ಒತ್ತುತ್ತೆ ಕಣವ್ವ. ಒಳ್ಳೇದಕ್ಕೆ ಇಟ್ಟವರೆ ಅಂತ ಸುಮ್ನಿದ್ದೆ" ಅಂದರು. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ನೋಡಿದೆ. ಎಡಗಾಲಿಂದು ಕೆಂಪಾಗಿತ್ತು. ಬೆರಳಿಂದ ಒತ್ತಿ ಬಿಟ್ಟೆ. ಬೆಳ್ಳಗಾಯಿತು, ಎರಡು ಕ್ಷಣ ಬಿಟ್ಟು ಮತ್ತೆ ಕೆಂಪಾಯಿತು.

"ನೋಡಮ್ಮ" ಅಂದೆ. ಅಮ್ಮ ಸೆರಗಿಗೆ ಕನ್ನಡಕ ಒರೆಸಿ ಹಾಕ್ಕೊಂಡು, ಬಗ್ಗಿ, ತಾನೂ ಒಂದು ಸಲ ಒತ್ತಿ ನೋಡಿದಳು. ಆಮೇಲೆ ಸೊಸೆಯ ಕೈ ಹಿಡಿದು ಅವಳ ಬೆರಳನ್ನೂ ಅಲ್ಲಿಟ್ಟಳು.